ಜಬೋಟಿಕಾಬಾಕ್ಕೆ ಮೊದಲ ನೀರು

ತಪ್ಪನ್ನು ಕಂಡರೆ ಅದರ ಹೆಸರು ಹಿಡಿದು ಕೂಗದೆ ಇರಲಾಗದ ಸ್ವಭಾವ ನನ್ನದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಇದು ಹುಟ್ಟಿನಿಂದ ಬಂದದ್ದಲ್ಲ, ಶಾಲೆಯಿಂದ ಬಂದದ್ದು. ನಾನು ಓದಿದ ಶಾಲೆಯಲ್ಲಿ ಹುಡುಗರು ಕಸ ಗುಡಿಸುತ್ತಿದ್ದರು, ಹುಡುಗಿಯರು ಗುದ್ದಲಿ ಹಿಡಿಯುತ್ತಿದ್ದರು, ಬೆತ್ತವೆಂಬ ವಸ್ತುವೇ ಇರಲಿಲ್ಲ. ದಿನವೂ ಸಂಜೆ ಎಲ್ಲರೂ ದುಂಡಗೆ ಕುಳಿತು, ಆ ದಿನ ಕಂಡ ಒಂದು ಅನ್ಯಾಯವನ್ನೂ ತಾವೇ ಮಾಡಿದ ಒಂದು ತಪ್ಪನ್ನೂ ಎದ್ದುನಿಂತು ಹೇಳಬೇಕಿತ್ತು. ಮೊದಲನೆಯದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಂದು ಕೇಳಿದರೆ ನಾಲ್ಕು ಹೇಳುತ್ತಿದ್ದೆ. ಎರಡನೆಯದು ಬಂದಾಗ ಮಾತ್ರ, 'ಇವತ್ತು ಯಾವುದೂ ನೆನಪಾಗುತ್ತಿಲ್ಲ ಗುರುಗಳೇ' ಎಂದು ಕುಳಿತುಬಿಡುತ್ತಿದ್ದೆ. ಆ ಅರ್ಧ ಶಿಕ್ಷಣದ ಫಲವನ್ನು ಐವತ್ತು ದಾಟಿದ ಮೇಲೆ, ಸಿಂಧನೂರಿನ ನಮ್ಮ ಮನೆಯಂಗಳದಲ್ಲಿ, ಒಂದು ಮರದ ಮೂಲಕ ಉಣ್ಣಬೇಕಾಯಿತು.

ಮರದ ಹೆಸರು ಜಬೋಟಿಕಾಬಾ. ಲಿಂಗಸುಗೂರಿಗೆ ಗೆಳತಿಯ ಗೃಹಪ್ರವೇಶಕ್ಕೆಂದು ಹೋದವಳು ರಸ್ತೆಬದಿಯ ನರ್ಸರಿಯಲ್ಲಿ ಅದರ ಸಸಿಯನ್ನು ಕಂಡೆ. ಬ್ರೆಜಿಲ್ ದೇಶದ ಗಿಡವಂತೆ. ಕಪ್ಪು ದ್ರಾಕ್ಷಿಯಂಥ ಹಣ್ಣು ಕೊಂಬೆಯ ತುದಿಯಲ್ಲಿ ತೂಗದೆ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆಂದು ನರ್ಸರಿಯವರು ವಿವರಿಸಿದಾಗ ನಾನು ತಾತ್ವಿಕವಾಗಿಯೇ ಸೋತುಹೋದೆ. ಮಾವು, ನೇರಳೆ, ಹುಣಸೆಗಳೆಲ್ಲ ಉದ್ದ ಕೈಯವರ, ಏಣಿಯುಳ್ಳವರ ಪಕ್ಷಪಾತಿಗಳು. ಇದು ಹಾಗಲ್ಲ, ಕುಳ್ಳರಿಗೂ ಕೂಸುಗಳಿಗೂ ಸಮಾನವಾಗಿ ಎಟುಕುವ ಹಣ್ಣು. "ಇದಕ್ಕ ನೀರಂದ್ರ ಪ್ರಾಣರೀ ಮೇಡಂ. ನಿಮ್ಮ ಕಡಿ ಕರಿ ಮಣ್ಣು ಒಗ್ಗಂಗಿಲ್ಲ, ಬಿಸಲೂ ತಡಿಯಂಗಿಲ್ಲ" ಎಂದು ಅವರು ಎಚ್ಚರಿಸಿದರು. ಇಲ್ಲಿನ ಮಣ್ಣು ಒಗ್ಗದು, ಬಿಸಿಲು ಒಗ್ಗದು ಎಂದು ಯಾರನ್ನಾದರೂ ಹೊರಗಿಡುವುದು ಎಂಥ ನ್ಯಾಯ ಎಂದು ಕೇಳಿ, ಸಸಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅಂಗಳದಲ್ಲಿ ಆಳುದ್ದದ ಗುಂಡಿ ತೋಡಿಸಿ, ಕರಿ ಮಣ್ಣನ್ನೆಲ್ಲ ತೆಗೆಸಿ, ಕೆಂಪು ಮಣ್ಣನ್ನೂ ಮರಳನ್ನೂ ತುಂಬಿಸಿದೆವು. ಮೇಲೆ ಹಸಿರು ಬಲೆಯ ಚಪ್ಪರ. ನೀರು ಹಾಕುವ ಹೊಣೆ ಯಾರದೆಂಬ ಪ್ರಶ್ನೆ ಬಂದಾಗ, ಮನೆಯೊಳಗಿನ ಪ್ರತಿಯೊಂದು ಆರೈಕೆಯೂ ಹೆಂಗಸಿನ ತಲೆಗೇ ಬರುವುದು ಅನ್ಯಾಯವೆಂದು ಹೇಳಿ ಅದನ್ನು ಪತಿ ಶರಣಪ್ಪನವರಿಗೆ ವಹಿಸಿದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ದುಡಿದು ನಿವೃತ್ತರಾದವರು ಅವರು. ಶಿಫ್ಟಿನ ಆರಂಭದಲ್ಲಿ ಹೇಳಿದ ಕೆಲಸವನ್ನು ಶಿಫ್ಟು ಮುಗಿಯುವವರೆಗೆ ಮಾಡುವುದು, ನಡುವೆ ಪ್ರಶ್ನೆ ಕೇಳದಿರುವುದು ಅವರ ಮೂಳೆಗೇ ಇಳಿದಿದೆ. "ಮೊದಲ ನೀರು ಮರಕ್ಕೆ. ಮಾತು ಬಾರದವರ ಹಕ್ಕು ಮೊದಲು. ಪಾತಿ ತುಂಬಿದ ಮೇಲೆ ನಿಲ್ಲಿಸಿ" ಎಂದು ಆದೇಶಿಸಿ, ನಾನು ಎಂದಿನಂತೆ ಮಸ್ಕಿಯಲ್ಲಿ ನಾನು ಕಲಿಸುವ ಶಾಲೆಗೆ ಬೆಳಗಿನ ಬಸ್ಸು ಹಿಡಿಯುತ್ತಿದ್ದೆ. ಹೀಗೆ ಐದು ವರ್ಷ ಕಳೆಯಿತು. ಮರ ನನ್ನ ಭುಜದೆತ್ತರ ಬೆಳೆಯಿತು.

ಇಲ್ಲಿ ನಮ್ಮ ಬೀದಿಯ ನೀರಿನ ಸಂಗತಿ ಹೇಳದಿದ್ದರೆ ಮುಂದಿನದು ತಿಳಿಯದು. ಬೀದಿಯಲ್ಲಿ ಹನ್ನೊಂದು ಮನೆ. ಪೈಪು ಒಳಬರುವ ಕಡೆ ಮೊದಲನೆಯದು ನಮ್ಮದು, ಕೊನೆಯದು ಗಂಗಮ್ಮನದು. ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಒಂದೂವರೆ ತಾಸು ನೀರು. ನನ್ನ ತವರಾದರೋ ಕಾಲುವೆಯ ಕೊನೆಯಂಚಿನ ಹಳ್ಳಿ. ಕಡಿಮೆ ನೀರು ಬೇಡುವ ಹಗುರ ಬೆಳೆಗೆಂದು ಕಟ್ಟಿದ ಕಾಲುವೆಯ ನೀರಿಗೆ ಮೇಲ್ಭಾಗದವರು ಭತ್ತ ಹಚ್ಚಿ ಕುಳಿತರೆ, ಕೆಳಗೆ ನಮ್ಮಪ್ಪ ಒಣಗಿದ ತೂಬಿನ ಮುಂದೆ ಸಲಿಕೆ ಹಿಡಿದು ನಿಂತಿರುತ್ತಿದ್ದ. ಅದನ್ನು ಕಂಡು ಬೆಳೆದ ನಾನು, ನಲ್ಲಿಗೆ ಮೋಟಾರು ಹಚ್ಚಿ ನೀರೆಳೆಯುವವರ ಮೇಲೆ ನಮ್ಮ ಬೀದಿಯಲ್ಲಿ ಯುದ್ಧವನ್ನೇ ಸಾರಿದ್ದೆ. ನಮ್ಮ ಗೋಡೆಗೆ ಕರಿಹಲಗೆ ತೂಗಿಸಿ, 'ಕೊನೆಯ ಮನೆಯ ನೀರು ಕದ್ದವರ ಹೆಸರನ್ನು ಇಲ್ಲಿ ಬರೆಯಲಾಗುವುದು' ಎಂದು ಮೇಲ್ಗಡೆ ಬಣ್ಣದಲ್ಲಿ ಬರೆಸಿದ್ದೆ. ಒಂದೊಂದಾಗಿ ಮೋಟಾರುಗಳು ಅಟ್ಟ ಸೇರಿದವು. ಹಲಗೆ ಖಾಲಿಯಾಗಿಯೇ ಉಳಿದದ್ದು ನನ್ನ ಹೆಮ್ಮೆಯಾಗಿತ್ತು.

ಈ ಮಾರ್ಚಿನಲ್ಲಿ ಮರ ಹೂ ಬಿಟ್ಟಿತು. ಕಾಂಡದ ಉದ್ದಕ್ಕೂ ಬಿಳಿ ಹತ್ತಿಯ ಎಳೆ ಮೆತ್ತಿದಂತಿತ್ತು. ಅದೇ ಹೊತ್ತಿಗೆ ಬಂದ ಗಂಗಮ್ಮ ಗಾಬರಿಯಾಗಿ, "ಟೀಚರ, ಗಿಡಕ್ಕ ಹುಳ ಹತ್ಯಾವ ನೋಡ್ರಿ. ಸೀಮೆಎಣ್ಣಿ ಅರಬಿ ತಗೊಂಡು ಒರಸಲೇನು?" ಎಂದಳು. ಮರಕ್ಕೆ ಬೆನ್ನು ಕೊಟ್ಟು ಅಡ್ಡ ನಿಂತು, ಅದು ಹೂವೆಂದು ತಿಳಿಹೇಳಿದೆ. ಅವಳು ಬಂದದ್ದು ಬೇರೆ ಕೆಲಸಕ್ಕೆ. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವವಳು ಗಂಗಮ್ಮ. ನೀರಿಲ್ಲದೆ ಹಿಟ್ಟು ನಾದುವಂತಿಲ್ಲ. "ನಾಕೈದು ವರ್ಷದಿಂದ ನೀರು ಕಮ್ಮಿ ಆಗೇತಿ. ಈ ಬ್ಯಾಸಗ್ಯಾಗಂತೂ ನಮ್ಮ ನಳದಾಗ ಒಂದು ಕೊಡ ತುಂಬಾಕ ಅರ್ಧ ತಾಸು ಹಿಡಿಯಾಕತ್ತೈತಿ. ಯಾರೋ ನೀರು ಎಳಿಯಾಕತ್ಯಾರ. ನೀವ ಹುಡುಕಿಕೊಡ್ರಿ. ನಿಮ್ಮ ಹಲಗಿಗೂ ಒಂದು ಹೆಸರು ಸಿಕ್ಕಂಗಾಗತೈತಿ" ಎಂದಳು.

ನನಗೆ ಶಾಲೆಯ ದಿನಗಳ ಹುರುಪು ಮರಳಿತು. ನೋಟ್‌ಬುಕ್ ಹಿಡಿದು ಮನೆಮನೆ ತಿರುಗಿದೆ, ಮೋಟಾರೊಂದೂ ಸಿಗಲಿಲ್ಲ. ಸಿಗದಿದ್ದಷ್ಟೂ ಕಳ್ಳನ ಚಾಣಾಕ್ಷತೆಯ ಮೇಲೆ ನನ್ನ ಕೋಪ ಹೆಚ್ಚಿತು. ನೀರು ಬಿಡುವ ಮಲ್ಲಪ್ಪನನ್ನು, ರಜೆಯ ದಿನವೇ ನೀರಿನ ಸರದಿ ಬಂದ ಒಂದು ಭಾನುವಾರ ಕರೆಸಿದೆ. ಅವನು ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ಪೈಪಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ, ಕೊನೆಯ ಮನೆಯಿಂದ ಒಂದೊಂದೇ ಮನೆ ಆಲಿಸುತ್ತ ಮೇಲಕ್ಕೆ ಬಂದ. ಹಿಂದೆ ನಾನು, ನನ್ನ ಹಿಂದೆ ಬೀದಿಯೆಲ್ಲ. ಪ್ರತಿ ಮನೆಯ ಮುಂದೆಯೂ ಅವನು ತಲೆಯಾಡಿಸುವಾಗ ನಾನು ಆ ಮನೆಗೆ ಟಿಕ್ ಹಾಕುತ್ತಿದ್ದೆ. ಕಡೆಗೊಂದು ಕಡೆ ನಿಂತು, ಕಣ್ಣು ಮುಚ್ಚಿ, "ಇಲ್ಲೇ ರೀ, ಬುಳುಬುಳು ಹರಿಯಾಕತ್ತೈತಿ" ಎಂದು ಪಿಸುಗುಟ್ಟಿದ.

"ಇದು ನಮ್ಮ ಮನೆ" ಎಂದೆ.

"ಹೌದ್ರಿ. ಅದಕ್ಕ ಮೆಲ್ಲಕ ಹೇಳಿದೆ."

ಒಳಗೆ ಶರಣಪ್ಪನವರು ಮರದ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅಂಗಳದ ನಲ್ಲಿಯಿಂದ ನೇರ ಬಂದ ದಪ್ಪ ಪೈಪು ಪಾತಿಯಲ್ಲಿ ಬಿದ್ದಿತ್ತು. ಮನೆಯ ತೊಟ್ಟಿ ಇನ್ನೊಂದು ನಲ್ಲಿಯಿಂದ ತುಂಬುತ್ತಿದ್ದುದರಿಂದ ನಾನೆಂದೂ ಇದರತ್ತ ನೋಡಿರಲಿಲ್ಲ. ಇಷ್ಟು ಹೊತ್ತು ಯಾಕೆ ಬಿಟ್ಟಿರಿ ಎಂದು ಕೇಳಿದೆ. "ಪಾತಿ ತುಂಬಿದ ಮ್ಯಾಲ ನಿಲ್ಲಸು ಅಂದಿದ್ದಿ. ತುಂಬಿಲ್ಲ."

"ಎಷ್ಟು ದಿನದಿಂದ ತುಂಬಿಲ್ಲ?"

"ಐದು ವರ್ಷ ಆತು."

ಕರಿ ಮಣ್ಣಾಗಿದ್ದರೆ ಗಳಿಗೆಯಲ್ಲಿ ತುಂಬುತ್ತಿತ್ತು. ನಾನು ಶ್ರದ್ಧೆಯಿಂದ ತುಂಬಿಸಿದ ಮರಳಿಗೆ ತಳವೇ ಇರಲಿಲ್ಲ. ಹಗುರ ಬೆಳೆಯ ಊರಲ್ಲಿ, ಬೀದಿಯ ಮೇಲ್ಭಾಗದಲ್ಲಿ ಕುಳಿತು, ನಾನು ಐದು ವರ್ಷ ಭತ್ತ ಬೆಳೆದಿದ್ದೆ.

ಪೈಪು ಕಿತ್ತೆವು. ಮರದ ಮೈಮೇಲೆ ಆಗ ಹಸಿರು ಮಣಿಯಂಥ ಕಾಯಿ ನಿಂತಿದ್ದವು. ಏಪ್ರಿಲ್ ಬಿಸಿಲಿಗೆ ನೀರು ತಪ್ಪಿದರೆ ಎಲ್ಲ ಉದುರುವುದು ಖಚಿತವಿತ್ತು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮುಂದೆ ನಿಂತೆ. "ಪೈಪ್ ಇಟ್ಟಾಂವ ನಾನು, ನನ್ನ ಹೆಸರು ಬರಿ" ಎಂದರು ಶರಣಪ್ಪನವರು. ಅದು ನನಗೆ ಬಹಳ ನ್ಯಾಯವಾಗಿ ಕಂಡಿತು. ಅಷ್ಟು ಸುಲಭವಾಗಿ ನ್ಯಾಯವೆನಿಸಿದ್ದರ ಮೇಲೇ ಅನುಮಾನ ಬಂದು, ನನ್ನ ಹೆಸರು ಬರೆದೆ. ಗಂಗಮ್ಮ ಹತ್ತಿರ ಬಂದು, "ಅಕ್ಷರ ಭಾಳ ಚಂದ ಅದಾವ ಬಿಡ್ರಿ" ಎಂದಳು.

ಮರುದಿನ ಬೆಳಿಗ್ಗೆ ಅವಳು ಅಕ್ಕಿ ತೊಳೆದ ನೀರನ್ನು ಚೆಂಬಿನಲ್ಲಿ ತಂದು ಬುಡಕ್ಕೆ ಸುರಿದಳು. "ಗಿಡ ಬಸುರಿ ಐತಿ. ನಿಮ್ಮ ತಪ್ಪಿಗೆ ಅದೇನು ಮಾಡತೈತಿ?" ನೋಡನೋಡುತ್ತ ಹನ್ನೊಂದು ಮನೆಯ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೂ ಬರತೊಡಗಿತು. ಕೆಂಪು ಮಣ್ಣಿನ ಮೇಲೆ ಭತ್ತದ ಹೊಟ್ಟನ್ನು ದಪ್ಪಗೆ ಹಾಸಿದೆವು. ಬಹಳಷ್ಟು ಕಾಯಿ ಉದುರಿದವು. ಹನ್ನೊಂದು ಉಳಿದು ಕಪ್ಪಾದವು. ಮನೆಗೊಂದರಂತೆ, ಕೊನೆಯ ಮನೆಯಿಂದ ಆರಂಭಿಸಿ ಹಂಚಿ ಬರಬೇಕೆಂದು ಶರಣಪ್ಪನವರ ಕೈಗೆ ತಟ್ಟೆ ಕೊಟ್ಟೆ. ನನಗೆ ಅಂದು ಬಹಳ ಹಿತವೆನಿಸಿತ್ತು. ತಟ್ಟೆ ನಮ್ಮ ಬಾಗಿಲಿಗೆ ಬಂದಾಗ ಖಾಲಿಯಿತ್ತು.

"ಗಂಗಮ್ಮ ಎರಡು ತಗೊಂಡ್ಳು" ಎಂದರು ಅವರು. "ಒಂದು ತಿಂದು, ದ್ರಾಕ್ಷಿ ಇದ್ದಂಗ ಐತಿ ಅಂದ್ಳು. ಇನ್ನೊಂದು ಬೀಜಕ್ಕಂತ ಸೆರಗಿಗೆ ಕಟಗೊಂಡ್ಳು. ಅಕಿ ಮನಿ ಮುಂದ ಹಚ್ಚತಾಳಂತ."

ಕೊನೆಯ ಮನೆಯವರೇ ಎರಡು ಪಾಲು ಎತ್ತುವ ಅನ್ಯಾಯಕ್ಕೆ ನನ್ನ ಯಾವ ಭಾಷಣದಲ್ಲೂ ಜಾಗವಿರಲಿಲ್ಲ. ಸೀಮೆಸುಣ್ಣ ಹಿಡಿದು ಹಲಗೆಯವರೆಗೆ ಹೋದದ್ದು ನಿಜ. ಹೋಗುವ ದಾರಿಯಲ್ಲಿ ಒಂದು ಯೋಚನೆ ತಾನಾಗಿ ಬಂದು ಮನಸ್ಸನ್ನು ತಂಪು ಮಾಡಿತು: ಆ ಗಿಡಕ್ಕೆ ನೀರು ಹೋಗುವುದಾದರೆ ನಮ್ಮ ಮನೆ ದಾಟಿಯೇ ಹೋಗಬೇಕಲ್ಲ. ಹಲಗೆಯ ಮೇಲಿದ್ದ ನನ್ನ ಹೆಸರು ಅಷ್ಟರಲ್ಲಿ ಮಾಸತೊಡಗಿತ್ತು. ಆ ಯೋಚನೆಯೇ ಇವತ್ತಿನ ನನ್ನ ತಪ್ಪೆಂದು ಗುರುಗಳಿಗೆ ಹೇಳುವಂತೆ, ಅದನ್ನೇ ಮತ್ತೊಮ್ಮೆ ತಿದ್ದಿ, ಒಳಗೆ ಬಂದೆ.