ಎಲ್ಲಾ ನಾಲ್ಕೇ ಹೆಜ್ಜೆ

ಹಿಟ್ಟು ನಾದುವ ಯಂತ್ರದ ಪ್ಲಗ್ಗಿಗೆ ಜಾಗ ಸಾಲದೆ ಹೋಟೆಲಿನ ಅಡುಗೆಯವನು ಗೋಡೆಯಲ್ಲಿದ್ದ ಒಂದು ಪ್ಲಗ್ಗನ್ನು ಕಿತ್ತ. ಅದು ಯಾವುದರದೆಂದು ನೋಡಲಿಲ್ಲ. ಅದರ ತಂತಿ ಕಿಟಕಿ ದಾಟಿ, ಹಿತ್ತಲಲ್ಲಿ ನಿಂತಿದ್ದ ಬ್ಯಾಟರಿ ಬಂಡಿಯ ಹೊಟ್ಟೆ ಸೇರಿತ್ತು. ರಾತ್ರಿಯಿಡೀ ಹಿಟ್ಟು ಚೆನ್ನಾಗಿ ನಾದಿಕೊಂಡಿತು. ಬಂಡಿ ಉಪವಾಸ ಮಲಗಿತು.

ಬಂಡಿ ಹೊಡೆಯುವವನನ್ನು ಬಡಾವಣೆಯಲ್ಲಿ ಸಾರಥಿ ಎನ್ನುತ್ತಿದ್ದರು. ಹೆಸರಿಟ್ಟವನು ಕ್ಷೌರದಂಗಡಿಯವನು. ಮನೆ ಕೊಳ್ಳಲು ಬಂದವರನ್ನು ಹಳದಿ ಮಾಡಿನ ಆ ಬಂಡಿಯಲ್ಲಿ ಕೂರಿಸಿ ಕಾರಂಜಿ, ಕ್ಷೌರದಂಗಡಿ, ಹೋಟೆಲು ಎಲ್ಲ ತೋರಿಸಿಕೊಂಡು ಬರುವುದು ಅವನ ಕೆಲಸ. ಇದಕ್ಕೊಂದು ಪದ್ಧತಿಯಿತ್ತು. ಗೇಟಿನಲ್ಲಿ ಅವನು ಬಂಡಿಯ ಗಂಟೆಯನ್ನು ಉದ್ದಕ್ಕೆ ಬಾರಿಸಬೇಕು. ಗಂಟೆ ಕೇಳಿದೊಡನೆ ಮಾಲಿ ಕಾರಂಜಿಯ ನೀರು ಬಿಡುತ್ತಿದ್ದ. ಕ್ಷೌರದವನು ಪಕ್ಕದ ಇಸ್ತ್ರಿಯವನನ್ನು ಎಳೆತಂದು ಕುರ್ಚಿಯಲ್ಲಿ ಕೂರಿಸಿ ಬಿಳಿ ಬಟ್ಟೆ ಹೊದಿಸುತ್ತಿದ್ದ. ಹೋಟೆಲಿನ ಅಡುಗೆಯವನು ಬಿಸಿ ಎಣ್ಣೆಗೆ ಈರುಳ್ಳಿ ಸುರಿಯುತ್ತಿದ್ದ. ಅದನ್ನು ಯಾರೂ ತಿನ್ನುತ್ತಿರಲಿಲ್ಲ, ಬೇಕಾಗಿದ್ದುದು ವಾಸನೆ ಮಾತ್ರ. ಬಂಡಿ ಸುತ್ತಿ ಬರುವಷ್ಟು ಹೊತ್ತು ಬಡಾವಣೆ ಮದುಮಗಳ ಹಾಗೆ ಕಳಕಳಿಸುತ್ತಿತ್ತು. ಬಂದವರು ಹೋದ ಮೇಲೆ ನೀರು ನಿಲ್ಲುತ್ತಿತ್ತು, ಇಸ್ತ್ರಿಯವನು ಕುರ್ಚಿಯಿಂದ ಏಳುತ್ತಿದ್ದ.

ಆ ಬೆಳಿಗ್ಗೆ ಬಡಾವಣೆಯ ಮ್ಯಾನೇಜರ್ ಸಾರಥಿಯನ್ನು ಕರೆದು ಹೇಳಿದ್ದ. “ಇವತ್ತು ಗಂಡ ಹೆಂಡ್ತಿ ಬರ್ತಾರೆ. ನೀನು ಇಷ್ಟು ದಿನ ಸುತ್ತಿಸಿದೋರೆಲ್ಲ ಗಾಳಿ ಕುಡಿದು ಹೋದ್ರು. ಇವರು ಸಹಿ ಹಾಕಿದ್ರೆ ನಿನ್ನ ಕೆಲ್ಸ ಖಾಯಂ. ಹಾಕ್ಲಿಲ್ವೋ, ಬಂಡೀನೂ ಬೇಡ, ನೀನೂ ಬೇಡ.”

ಖಾಯಂ ಎಂಬ ಮಾತು ಸಾರಥಿಯ ಕಿವಿಯಲ್ಲಿ ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಅವನು ಮನೆಯಳಿಯ. ಮದುವೆಯಾದಂದಿನಿಂದ ಮಾವನ ಮನೆಯ ಹಿಂದಿನ ಕೋಣೆಯಲ್ಲಿ, ಮಾವನ ಹಳೆಯ ಟ್ರಂಕುಗಳ ನಡುವೆ ಮಲಗುತ್ತಿದ್ದ. ‘ಕೆಲ್ಸ ಖಾಯಂ ಆದ ದಿನ ಬೇರೆ ಮನೆ ಮಾಡೋಣ. ಅದಕ್ಕೆ ಮುಂಚೆ ಆ ಮಾತು ಎತ್ಬೇಡಿ’ ಎಂದಿದ್ದಳು ಹೆಂಡತಿ.

ಮಾವ ಅದೇ ಬಡಾವಣೆಯ ಗೇಟಿನ ಕಾವಲುಗಾರ. ಮನೆಯಲ್ಲಿ ಕಂಡ ಮುಖವನ್ನೇ ಸಾರಥಿ ಗೇಟಿನಲ್ಲೂ ಕಾಣಬೇಕಿತ್ತು.

“ಇವತ್ತೇನೋ ಪರೀಕ್ಷೆಯಂತೆ?” ಎಂದು ಮಾವ ಕೇಳಿದ. “ನೋಡಪ್ಪಾ, ಮಗಳನ್ನ ಕೊಟ್ಟೆ. ಕೆಲ್ಸಾನೂ ಕೊಡಿಸ್ದೆ. ಮೂರನೇದು ಮಾತ್ರ ನನ್ನ ಕೇಳ್ಬೇಡ.”

“ಕೇಳಲ್ಲ ಮಾವಾ.”

ಗಂಡ ಹೆಂಡತಿ ಬಂದರು. ಗಂಡ ಅಕ್ಕಿಮೂಟೆಗೆ ಅಂಗಿ ತೊಡಿಸಿದಂತಿದ್ದ. ಬಂಡಿ ಕಂಡದ್ದೇ ಮುಖ ಅರಳಿಸಿ, ಹತ್ತಿ, ಎರಡಾಳಿನ ಸೀಟಿನಲ್ಲಿ ಒಬ್ಬನೇ ಕೂತ. ಹೆಂಡತಿ ಹಿಂದಿನ ಸೀಟಿನಲ್ಲಿ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಮುಖ ಬೀಗ ಹಾಕಿದ ಬಾಗಿಲಿನ ಹಾಗಿತ್ತು.

ಸಾರಥಿ ಗಂಟೆ ಒತ್ತಿದ. ಕೋಳಿಗೆ ಬಿಕ್ಕಳಿಕೆ ಬಂದಂತೆ ಅದು ಒಮ್ಮೆ ‘ಕಿಕ್’ ಎಂದು ಸುಮ್ಮನಾಯಿತು. ಅವನು ಮತ್ತೆ ಒತ್ತಿದ. ಅದೂ ಬರಲಿಲ್ಲ.

“ಗಂಟೆಗೆ ಶೀತ ಆಗಿದ್ಯಾ?” ಎಂದು ಮಾವ ಗೇಟಿನಿಂದ ಕೂಗಿದ.

ಬಂಡಿ ಮುಲುಗುತ್ತ ಹೊರಟು ಮೊದಲ ತಿರುವಿನಲ್ಲಿ ನಿಂತಿತು. ಸಾರಥಿ ಇಳಿದು ನೋಡಿದ, ಚಕ್ರಕ್ಕೆ ಒದ್ದ, ಹಿಂದಿನಿಂದ ತಳ್ಳಿದ. ಗಂಡ ಇಳಿಯಲಿಲ್ಲ.

“ಯಜಮಾನ್ರೇ, ಒಂಚೂರು ಇಳಿದ್ರೆ...”

“ಇಳಿದ್ರೆ ಹೊರಡುತ್ತಾ?”

“ಇಲ್ಲ.”

“ಮತ್ತೆ ಯಾಕೆ ಇಳೀಲಿ?”

ಅಷ್ಟರಲ್ಲಿ ಹೆಂಡತಿ ತಾನೇ ಇಳಿದು ರಸ್ತೆಯಲ್ಲಿ ನಿಂತು ಗಂಡನನ್ನೇ ನೋಡಿದಳು. ಗಂಡ ಇಳಿದ.

“ಕಾರಂಜಿ ಎಷ್ಟು ದೂರ?” ಎಂದು ಆತ ಕೇಳಿದ.

“ನಾಲ್ಕೇ ಹೆಜ್ಜೆ ಯಜಮಾನ್ರೇ” ಎಂದ ಸಾರಥಿ. ಮುಳುಗುವವನ ಬಾಯಿಗೆ ಅದಕ್ಕಿಂತ ಒಳ್ಳೆಯ ಮಾತು ಬರುವುದಿಲ್ಲ.

ಅವು ಬಹಳ ದೊಡ್ಡ ಹೆಜ್ಜೆಗಳು. ಕಾರಂಜಿ ತಲುಪುವ ಹೊತ್ತಿಗೆ ಗಂಡ ಕಮ್ಮಾರನ ತಿದಿಯ ಹಾಗೆ ಉಸಿರುಬಿಡುತ್ತಿದ್ದ. ಗಂಟೆ ಕೇಳದಿದ್ದುದರಿಂದ ಕಾರಂಜಿ ಬತ್ತಿತ್ತು. ಅದರ ನಡುವೆ ನಿಂತ ಕಲ್ಲಿನ ಮೀನಿನ ಬಾಯಿಂದ ಒಂದು ಹಗ್ಗ ಹೊರಟು ಮರಕ್ಕೆ ಸೇರಿತ್ತು. ಹಗ್ಗದ ಮೇಲೆ ಮಾಲಿಯ ಅಂಗಿ, ಲುಂಗಿ, ಒಂದು ಹೊದಿಕೆ ಒಣಗುತ್ತಿದ್ದವು. ಮಾಲಿ ಎದ್ದು ಬಿದ್ದು ಓಡಿಬಂದು, ನೋಡದೆಯೇ ನೀರಿನ ನಲ್ಲಿ ತಿರುಗಿಸಿದ. ಮೀನು ಹಗ್ಗದ ಗಂಟಿನ ಪಕ್ಕದಿಂದ ಉಗಿದು ಗಂಡನ ಎದೆಯನ್ನೂ ಮಾಲಿಯ ಒಣಗಿದ ಹೊದಿಕೆಯನ್ನೂ ಒಟ್ಟಿಗೆ ತೋಯಿಸಿತು.

“ಗಂಟೆ ಬಾರಿಸ್ಬಾರ್ದಾ ಮಾರಾಯಾ!” ಎಂದು ಮಾಲಿ ಸಾರಥಿಯ ಮೇಲೇ ಹರಿಹಾಯ್ದ. “ಒಣಗಿದ್ದ ಬಟ್ಟೆ ನೆನೆಸ್ದೆಯಲ್ಲ!”

ಹೆಂಡತಿ ಒದ್ದೆ ಗಂಡನನ್ನು ನೋಡಿದಳು, ಒಣ ರಸ್ತೆಯನ್ನು ನೋಡಿದಳು. “ಮುಂದೆ?” ಎಂದಳು.

ಮುಂದಿನದು ಕ್ಷೌರದಂಗಡಿ. ಅಲ್ಲಿಗೂ ನಾಲ್ಕೇ ಹೆಜ್ಜೆ ಎಂದು ಸಾರಥಿ ಹೇಳಿದ. ಗಂಡ ನಡುವೆ ಎರಡು ಸಲ ಮರ ಹಿಡಿದು ನಿಂತ. ಅಂಗಡಿಯಲ್ಲಿ ಕ್ಷೌರದವನು ತನ್ನ ಕುರ್ಚಿಯಲ್ಲೇ ಮಲಗಿ, ಮುಖದ ಮೇಲೆ ಟವಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. ಸಾರಥಿ ಕೆಮ್ಮಿದ. ಟವಲು ಸರಿಯಿತು.

“ಏನೋ ಸಾರಥಿ, ನಡ್ಕೊಂಡು? ಮಾವ ಬಂಡೀನೂ ಕಿತ್ಕೊಂಡ್ರಾ?”

“ಗಿರಾಕಿಗಳು ಬಂದಿದಾರೆ” ಎಂದು ಸಾರಥಿ ಹಲ್ಲು ಕಚ್ಚಿ ಹೇಳಿದ.

“ಹಾಗಾದ್ರೆ ಇಸ್ತ್ರಿಯವನನ್ನ ಕರೀಲಾ?” ಎಂದು ಕ್ಷೌರದವನು ಪ್ರಾಮಾಣಿಕವಾಗಿ ಕೇಳಿದ. ನಂತರ ಹೆಂಡತಿಯ ಕಡೆ ತಿರುಗಿ, “ಕೆಲಸಕ್ಕೇನೂ ಮೋಸ ಇಲ್ಲಮ್ಮಾ. ತಲೆಗಳೇ ಬರಲ್ಲ ಅಷ್ಟೇ. ಇವನ ತಲೆ ನೋಡಿ, ನಾನೇ ಮಾಡಿದ್ದು” ಎಂದು ಸಾರಥಿಯ ತಲೆ ಹಿಡಿದು ಬಗ್ಗಿಸಿದ. ಹೆಂಡತಿ ಬಗ್ಗಿದ ತಲೆಯನ್ನು ತರಕಾರಿ ಆರಿಸುವವಳ ಹಾಗೆ ಪರೀಕ್ಷಿಸಿದಳು. ಸಾರಥಿಗೆ ಆ ಭಂಗಿ ಸರಿಯೆನಿಸಿತು. ಕತ್ತು ಹೇಗೂ ಹೋಗುವುದಿತ್ತು.

ಹೋಟೆಲು ಕೊನೆಯ ಆಸೆ. ಆದರೆ ಅಲ್ಲಿ ವಾಸನೆಯೂ ಇರಲಿಲ್ಲ, ಗಿರಾಕಿಗಳೂ ಇರಲಿಲ್ಲ. ಅಡುಗೆಯವನು ಕಿಟಕಿ ಪಕ್ಕದ ಒಳ್ಳೆಯ ಮೇಜಿನಲ್ಲಿ ಕಾಲು ಚಾಚಿ ಕೂತು ಬ್ರೆಡ್ಡು ತಿನ್ನುತ್ತಿದ್ದ. ಇವರನ್ನು ಕಂಡು ನೆಗೆದೆದ್ದ.

“ಅಯ್ಯಯ್ಯೋ, ಗಂಟೇನೇ ಕೇಳ್ಲಿಲ್ಲ! ಈರುಳ್ಳಿ ಹಾಕೇ ಇಲ್ವಲ್ಲ!”

“ಯಾವ ಗಂಟೆ?” ಎಂದಳು ಹೆಂಡತಿ.

ಸಾರಥಿ ಕಣ್ಸನ್ನೆ ಮಾಡಿದ. ಅಡುಗೆಯವನು ಅದನ್ನು ವಿವರವಾಗಿ ಹೇಳೆಂಬ ಸನ್ನೆಯೆಂದು ತಿಳಿದ. ಗಂಟೆ, ನೀರು, ಇಸ್ತ್ರಿಯವನು, ಈರುಳ್ಳಿ, ಒಂದನ್ನೂ ಬಿಡದೆ ಹೇಳಿದ. ತನ್ನ ಪಾಲಿನ ಈರುಳ್ಳಿಯ ಬಗ್ಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ. ಗಂಡ ಒಂದು ಕುರ್ಚಿಗೆ ಕುಸಿದು ಕಣ್ಣು ಮುಚ್ಚಿದ್ದ. ಸಾರಥಿಯ ಕಣ್ಣು ಅಡುಗೆಮನೆಯ ಗೋಡೆಗೆ ಹೋಯಿತು. ಅಲ್ಲಿ ಹಿಟ್ಟಿನ ಯಂತ್ರದ ಪ್ಲಗ್ಗು ಭದ್ರವಾಗಿ ಕೂತಿತ್ತು. ಬಂಡಿಯ ಪ್ಲಗ್ಗು ಕೆಳಗೆ, ಸತ್ತ ಇಲಿಯ ಹಾಗೆ ಬಿದ್ದಿತ್ತು.

“ಇದನ್ನ ಕಿತ್ತೋನು ನೀನಾ?”

“ಯಾಕೆ, ನಿಂದಾ?” ಎಂದ ಅಡುಗೆಯವನು.

ಆಗ ಹೆಂಡತಿ ಮೊದಲ ಬಾರಿಗೆ ಸಾರಥಿಯ ಮುಖ ನೋಡಿ ಮಾತಾಡಿದಳು. “ನಿಜ ಹೇಳಪ್ಪಾ. ನಾವು ಇಲ್ಲಿಗೆ ಬಂದ್ಮೇಲೆ ಆ ಬಂಡಿ ದಿನಾ ಓಡುತ್ತಾ?”

ಇದಕ್ಕೆ ಮ್ಯಾನೇಜರ್ ಕಲಿಸಿದ್ದ ಉತ್ತರ ಬೇರೆ ಇತ್ತು. ‘ಬೇಕೆಂದಾಗ ಮನೆಬಾಗಿಲಿಗೆ ಬರುತ್ತದೆ’ ಎನ್ನಬೇಕಿತ್ತು. ಬಂಡಿ ತಿರುವಿನಲ್ಲಿ ಹೆಣವಾಗಿ ನಿಂತಿರುವಾಗ ಅದನ್ನು ಹೇಳುವ ಮುಖ ಸಾರಥಿಗಿರಲಿಲ್ಲ. ಅವನು ಬಂಡಿಯ ಮಾನವನ್ನು ಬಿಟ್ಟು ಬಡಾವಣೆಯ ಮಾನವನ್ನು ಹಿಡಿದ.

“ಬಂಡಿ ಯಾಕಮ್ಮಾ ಬೇಕು? ನೀವೇ ನೋಡಿದ್ರಲ್ಲ. ಎಲ್ಲಾ ನಾಲ್ಕೇ ಹೆಜ್ಜೆ. ಇಲ್ಲಿ ಬಂಡಿ ಇರೋದೇ ದಂಡ.”

ಅವಳು ತಲೆಯಾಡಿಸಿ, ಗಂಡನನ್ನು ಎಬ್ಬಿಸಿಕೊಂಡು ಆಫೀಸಿನ ಕಡೆ ನಡೆದಳು. ಸಾರಥಿ ಪ್ಲಗ್ಗನ್ನು ಗೋಡೆಗೆ ಚುಚ್ಚಿ, ಬಂಡಿಯನ್ನು ತಳ್ಳಿಕೊಂಡು ಬಂದು ಹಿತ್ತಲಲ್ಲಿ ನಿಲ್ಲಿಸಿ ತಂತಿ ಸಿಕ್ಕಿಸಿದ. ನಂತರ ಆಫೀಸಿನ ಮೆಟ್ಟಿಲ ಮೇಲೆ ಕೂತ. ಮಾವನ ಟ್ರಂಕುಗಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂದವು.

ಸಂಜೆಯ ಹೊತ್ತಿಗೆ ಮ್ಯಾನೇಜರ್ ಹೊರಗೆ ಬಂದವನೇ ಅವನನ್ನು ಅಪ್ಪಿಕೊಂಡ.

“ಸಹಿ ಆಯ್ತು ಕಣೋ! ಏನು ಮಾತಾಡ್ದೆ ನೀನು! ಆ ಯಜಮಾನ್ರಿಗೆ ಡಾಕ್ಟ್ರು ನಡೀರಿ, ನಡೀರಿ ಅಂತ ಬಡ್ಕೊಳ್ತಾ ಇದಾರಂತೆ. ಎಲ್ಲಿ ಮನೆ ನೋಡಿದ್ರೂ ಏನಾದ್ರೊಂದು ಗಾಡಿ ಇರುತ್ತಂತೆ, ಅವ್ರು ಹತ್ತಿ ಕೂತುಬಿಡ್ತಾರಂತೆ. ಇವತ್ತು ನಡೆದಷ್ಟು ಮದುವೆಯಾದ್ಮೇಲೆ ನಡೆದೇ ಇರ್ಲಿಲ್ಲ ಅಂತ ಆಯಮ್ಮ ಕಣ್ಣೀರು ಹಾಕಿದ್ರು.”

“ಹಾಗಾದ್ರೆ... ಖಾಯಂ?”

ಮ್ಯಾನೇಜರ್ ಅಪ್ಪುಗೆ ಸಡಿಲಿಸಿದ. “ಒಂದೇ ಷರತ್ತು ಹಾಕಿ ಸಹಿ ಮಾಡಿದಾರೆ. ಬಡಾವಣೆಯಲ್ಲಿ ಬಂಡಿ ಇರ್ಬಾರ್ದು. ನೀನೇ ದಂಡ ಅಂದೆಯಂತೆ. ಬಂಡಿ ಇವತ್ತೇ ನಮ್ಮ ಇನ್ನೊಂದು ಬಡಾವಣೆಗೆ ಹೋಗುತ್ತೆ. ಅಲ್ಲಿ ಡ್ರೈವರ್ ಇದಾನೆ. ಗೇಟಿಗೆ ಬೋರ್ಡು ಬರೆಸ್ತಾ ಇದೀನಿ, ‘ಎಲ್ಲಾ ನಾಲ್ಕೇ ಹೆಜ್ಜೆ’ ಅಂತ. ನಿನ್ನ ಮಾತೇ!” ಸಾರಥಿಯ ಮುಖ ನೋಡಿ ಅವನಿಗೂ ಏನೋ ಅನ್ನಿಸಿರಬೇಕು. “ನಿನ್ನ ಬೀದಿಗೆ ಬಿಡಲ್ಲ. ನಿಮ್ಮ ಮಾವ ಬಂದು ಕೇಳ್ಕೊಂಡ್ರು. ಗೇಟಿಗೆ ಹೋಗು, ಅವರ ಕೈಕೆಳಗೆ. ಸದ್ಯಕ್ಕೆ ಹಂಗಾಮಿ.”

ಗೇಟಿನಲ್ಲಿ ಮಾವ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲೊಂದು ಕುಂಟು ಸ್ಟೂಲು ಹಾಕಿಸಿದ್ದ.

“ಮೂರನೇದು ಕೇಳ್ಬೇಡ ಅಂದಿದ್ದೆ” ಎಂದ ಮಾವ. “ನೀನು ಕೇಳ್ಲಿಲ್ಲ, ಒಪ್ತೀನಿ. ಕೂತ್ಕೋ.”

ಸಾರಥಿ ಕೂತ. ಸ್ವಲ್ಪ ಹೊತ್ತಿಗೆ ಹಿತ್ತಲ ಕಡೆಯಿಂದ ಅಡುಗೆಯವನ ಕೂಗು ಕೇಳಿಸಿತು. “ಸಾರಥೀ! ಹಸಿರು ದೀಪ ಬಂತು, ಬ್ಯಾಟರಿ ಫುಲ್ಲು!”

ಇನ್ನೊಂದು ಬಡಾವಣೆಯ ಡ್ರೈವರ್ ಬಂಡಿಯನ್ನು ಹೊಡೆದುಕೊಂಡು ಬಂದ. ಅದು ಬಾಣಂತನ ಮುಗಿಸಿದ ಹಸುವಿನಂತೆ ಚುರುಕಾಗಿತ್ತು. ಗೇಟಿನ ಅಡ್ಡಗಂಬದ ಮುಂದೆ ನಿಂತು ಅವನು ಗಂಟೆಯನ್ನು ಉದ್ದಕ್ಕೆ ಬಾರಿಸಿದ.

ಬಡಾವಣೆಯ ಒಳಗೆ ಮೀನಿನ ಬಾಯಿಂದ ನೀರು ಮರದೆತ್ತರ ಚಿಮ್ಮಿತು. ಇಸ್ತ್ರಿಯವನು ಓಡಿದ. ಬಿಳಿ ಬಟ್ಟೆ ಹರಡಿತು. ಸ್ವಲ್ಪದರಲ್ಲೇ ಹುರಿದ ಈರುಳ್ಳಿಯ ಘಮ ಗೇಟಿನವರೆಗೂ ಬಂತು.

“ಏನು ನೋಡ್ತಾ ಕೂತೆ?” ಎಂದ ಮಾವ. “ಕಂಬ ಎತ್ತು.”