ಭಟ್ಕಳ ಬಸ್ಸಿನಲ್ಲಿ ಅಮೆರಿಕ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ಸಂಗತಿಗಳು ಹೀಗೆಯೇ ನಡೆದಿರಲಿಕ್ಕಿಲ್ಲ. ಮೊದಲೇ ಒಪ್ಪಿಕೊಂಡುಬಿಡುವುದು ಕ್ಷೇಮ. ಆಮೇಲೆ ನನ್ನ ಅತ್ತಿಗೆ ಓದಿ, "ಎಂತದೆ ಇದು, ಆ ದಿವ್ಸ ನೀನು ಬಸ್ಸಲ್ಲೇ ಇರ್ಲಿಲ್ಲ" ಎನ್ನುವುದು ಬೇಡ. ಎಷ್ಟೋ ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ಆದರೂ ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ದಿನಚರಿಯ ಮೇಲಂತೂ ಮೊದಲೇ ಇಲ್ಲ. ಈ ಕಥೆಯ ಅತಿ ಮುಖ್ಯ ದಿನದ ಪುಟ ತೆಗೆದು ನೋಡಿದರೆ "ವಿಪರೀತ ಸೆಖೆ. ಬೆಲ್ಲ ಮುಗಿದಿದೆ" ಎಂದಷ್ಟೇ ಇದೆ. ದೊಡ್ಡ ಘಟನೆ ಪಕ್ಕದಲ್ಲೇ ಹಾದು ಹೋಗುವಾಗ ಅದು ದೊಡ್ಡದೆಂದು ಯಾರಿಗೂ ಗೊತ್ತಾಗುವುದಿಲ್ಲವೋ ಏನೋ. ಅಮೆರಿಕದವರು ಬ್ರಿಟಿಷರ ತೆರಿಗೆಯ ಮೇಲಿನ ಸಿಟ್ಟಿಗೆ ಬೋಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದ ದಿನವೂ ಆ ಊರಿನ ಯಾವಳೋ ಒಬ್ಬಳು ತನ್ನ ಪುಸ್ತಕದಲ್ಲಿ ಸಕ್ಕರೆ ಮುಗಿದದ್ದನ್ನೇ ಬರೆದಿಟ್ಟಿದ್ದಾಳು.

ಕುಮಟೆಯ ಪಕ್ಕದ ಹೊಳನಗದ್ದೆಯ ನಮ್ಮ ಮನೆಗೆ ಬೋಸ್ಟನ್ ಬಂದದ್ದು ಅತ್ತಿಗೆಯಿಂದ. ನನ್ನ ಗಂಡನ ಅಕ್ಕ ಶಾಂತತ್ತಿಗೆ ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರು. ನಮ್ಮದೂ ಅವರದೂ ಅಕ್ಕಪಕ್ಕದ ಮನೆ, ಒಂದೇ ಅಂಗಳ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವರು, ನಿವೃತ್ತಿ ಹತ್ತಿರ ಬಂದಾಗ ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದರು. ಇದಕ್ಕೆ ಕಾರಣ ನಮ್ಮ ಜಗಲಿಯ ಗೋಡೆಯಲ್ಲಿ ತೂಗುತ್ತಿದೆ. ಕಪ್ಪು ನಿಲುವಂಗಿ ತೊಟ್ಟು, ತಲೆಗೆ ದೊಡ್ಡದಾದ ಟೊಪ್ಪಿಯನ್ನು ಕಿವಿಯ ಮೇಲೆ ನಿಲ್ಲಿಸಿಕೊಂಡು, ಧಾರವಾಡದಲ್ಲಿ ಎಂ.ಎ. ಪದವಿ ಹಿಡಿದು ನಿಂತ ನನ್ನ ಫೋಟೋ. ಅತ್ತಿಗೆ ನಮ್ಮ ಮನೆಗೆ ಬಂದಾಗಲೆಲ್ಲ ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದರು. ಒರೆಸಿ, ಪಕ್ಕದ ಖಾಲಿ ಗೋಡೆಯನ್ನೂ ಒಂದು ಸಲ ಒರೆಸುತ್ತಿದ್ದರು. ಒಂದು ದಿನ ಅಲ್ಲಿ ಮೊಳೆಯನ್ನೂ ಹೊಡೆದಿಟ್ಟರು. ಉಳಿದೆಲ್ಲ ಪತ್ರಿಕೆಗಳು ಪಾಸಾಗಿ, ಅಮೆರಿಕದ ಇತಿಹಾಸವೊಂದೇ ಎರಡು ಸಲ ಕೈಕೊಟ್ಟಿತು. ನಿಯಮದ ಪ್ರಕಾರ ಉಳಿದದ್ದು ಇನ್ನೊಂದೇ ಅವಕಾಶ. ಅದೂ ಹೋದರೆ ಆ ಮೊಳೆಗೆ ಕ್ಯಾಲೆಂಡರೇ ಗತಿ.

"ನೀನು ಹೇಳ್ಕೊಡೆ. ಹಿಸ್ಟರಿಯಲ್ಲಿ ಎಂ.ಎ. ಮಾಡಿದ್ದು ಎಂತಕ್ಕೆ ಮತ್ತೆ?" ಎಂದರು ಅತ್ತಿಗೆ. "ಅಮೆರಿಕವಾ? ಅದು ನನಗೆ ನೀರು ಕುಡಿದ ಹಾಗೆ" ಎಂದುಬಿಟ್ಟೆ. ಸುಳ್ಳು ಹೇಳಿದ್ದಲ್ಲ. ಧಾರವಾಡದ ಆ ತರಗತಿ, ಕಿಟಕಿಯಾಚೆಯ ಬೇವಿನ ಮರ, ಅಮೆರಿಕದ ಅಂತರ್ಯುದ್ಧದ ಪಾಠ ಮಾಡುತ್ತ ಕಣ್ಣು ತುಂಬಿ ಕನ್ನಡಕ ತೆಗೆದು ಒರೆಸುತ್ತಿದ್ದ ಮೇಷ್ಟ್ರು, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. ಮೇಷ್ಟ್ರು ಹೇಳಿದ್ದೇನು ಎನ್ನುವುದು ಮಾತ್ರ ಸ್ವಲ್ಪ ಮಸುಕಾಗಿತ್ತು. ಹಾಗಾಗಿ ಅತ್ತಿಗೆಯ ಪುಸ್ತಕವನ್ನೇ ಸಂಜೆ ಇಸಿದುಕೊಂಡು ಓದಿ, ಬೆಳಿಗ್ಗೆ ಅವರಿಗೇ ಹೇಳಿಕೊಡುವ ಏರ್ಪಾಡು ಮಾಡಿಕೊಂಡೆ.

ನನ್ನ ಕೆಲಸ ಹೊನ್ನಾವರದ ಒಂದು ಕಚೇರಿಯಲ್ಲಿ. ದಿನಾ ಹೋಗುವುದು ಅತ್ತಿಗೆಯ ಬಸ್ಸಿನಲ್ಲೇ. ಬಾಗಿಲ ಬಳಿಯ ಸೀಟಿನಲ್ಲಿ ನಾನು, ಟಿಕೆಟ್ ಮಷಿನ್ ಹಿಡಿದು ಅವರು, ನಡುವೆ ಅಮೆರಿಕ. ಆದರೆ ಹೇಳಿದ್ದು ಅವರ ತಲೆಯಲ್ಲಿ ನಿಲ್ಲಲೊಲ್ಲದು. "ನಂಗೆ ನೆನಪು ನಿಲ್ಲೂದು ಸ್ಟಾಪಿನ ಮೇಲೆ ಮಾತ್ರ ಮಾರಾಯ್ತಿ. ಕುಮಟೆಯಿಂದ ಭಟ್ಕಳದವರೆಗೆ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೆ" ಎಂದರು. ಹಾಗಾದರೆ ಒಂದೊಂದು ಸ್ಟಾಪಿಗೆ ಒಂದೊಂದು ಘಟನೆಯನ್ನು ಇಳಿಸಿದರೆ ಹೇಗೆ ಎಂಬ ಉಪಾಯ ನನ್ನದು. ನನ್ನದೆಂದೇ ನನ್ನ ನೆನಪು.

ಕುಮಟಾ ಸ್ಟ್ಯಾಂಡಿನಲ್ಲಿ ಚಹಾ ಸಮುದ್ರಕ್ಕೆ ಬಿತ್ತು. "ಚಾ ಎಸೆದ್ರಾ? ನಮ್ಮ ಸ್ಟ್ಯಾಂಡಿನ ಚಾವೇ ಆಗಿರ್ಬೇಕು" ಎಂದು ಅತ್ತಿಗೆ ಅದನ್ನು ಕೂಡಲೇ ನೆನಪಿಟ್ಟರು. ಧಾರೇಶ್ವರದಲ್ಲಿ ಸ್ವಾತಂತ್ರ್ಯದ ಘೋಷಣೆ. ಹಳದೀಪುರದ ತೆಂಗಿನ ತೋಟಗಳ ನಡುವೆ, ಫ್ರಾನ್ಸಿನಿಂದ ಲೂಸಿಯಾನಾ ಎಂಬ ಅಷ್ಟು ದೊಡ್ಡ ಸೀಮೆಯನ್ನು ಕೊಂಡದ್ದು. "ಅಲ್ಲಿ ಮೊದ್ಲೇ ಇದ್ದೋರನ್ನ ಒಂದು ಮಾತು ಕೇಳಿದ್ರಾ?" ಎಂದರು ಅತ್ತಿಗೆ. ಕೇಳಿರಲಿಲ್ಲ ಎಂದೆ. "ಹಂಗಾರೆ ಅದೆಂತಾ ವ್ಯಾಪಾರ!" ಎಂದು ಅಂದು ಹಳದೀಪುರದಲ್ಲಿ ಹತ್ತಿದವರಿಗೆಲ್ಲ ಸಿಟ್ಟಿನಿಂದಲೇ ಟಿಕೆಟ್ ಕೊಟ್ಟರು. ಕರ್ಕಿಯಲ್ಲಿ ಅಂತರ್ಯುದ್ಧ. ಶರಾವತಿ ಸೇತುವೆಯ ಮೇಲೆ ಗುಲಾಮಗಿರಿಯ ಅಂತ್ಯ. ಮಂಕಿಯಲ್ಲಿ ಹೆಂಗಸರಿಗೆ ಮತದಾನದ ಹಕ್ಕು, ಶಿರಾಲಿಯಲ್ಲಿ ಮಹಾ ಆರ್ಥಿಕ ಕುಸಿತ, ಭಟ್ಕಳದಲ್ಲಿ ಚಂದ್ರನ ಮೇಲೆ ಕಾಲಿಟ್ಟದ್ದು. ಕಡೆಯ ಸ್ಟಾಪಾದ್ದರಿಂದ ಎಲ್ಲರೂ ಇಳಿಯಲೇಬೇಕು. ಆದರೆ ನಾನು ಸೇತುವೆಗೆ ಮೊದಲೇ ಸಿಗುವ ಹೊನ್ನಾವರದಲ್ಲಿ ಇಳಿಯುತ್ತಿದ್ದೆ. ಸೇತುವೆಯಿಂದಾಚೆಗಿನ ಅಮೆರಿಕವನ್ನು ಅತ್ತಿಗೆ ಒಬ್ಬರೇ ದಾಟಬೇಕಿತ್ತು.

ಬಸ್ಸಿಗೆ ಬಸ್ಸೇ ಈ ಪಾಠಕ್ಕೆ ಒಗ್ಗಿಕೊಂಡಿತು. ಡ್ರೈವರ್ ಗಣಪಣ್ಣ ಕನ್ನಡಿಯಲ್ಲಿ ನೋಡುತ್ತ, "ಶಾಂತಕ್ಕ, ಯುದ್ಧ ಸುರು ಆತಾ? ಸ್ವಲ್ಪ ಜೋರಾಗಿ ಹೊಡೀಲಾ?" ಎನ್ನುವವನು. ಒಂದು ದಿನ ಬಸ್ಸು ತುಂಬಿ ತುಳುಕುತ್ತಿದ್ದಾಗ ಅತ್ತಿಗೆ ಬಾಗಿಲಿಗೆ ಬಂದು, "ಅಂತರ್ಯುದ್ಧ! ಅಂತರ್ಯುದ್ಧ ಯಾರು ಇಳೀತ್ರಿ?" ಎಂದು ಕೂಗಿಬಿಟ್ಟರು. ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸೊಬ್ಬಳು ಕಂಗಾಲಾಗಿ, "ನಂಗೆ ಯುದ್ಧ ಬ್ಯಾಡ್ವೇ ಅಮ್ಮಾ, ನನ್ನ ಕರ್ಕಿಯಲ್ಲಿ ಇಳ್ಸು!" ಎಂದಳು. ಇಡೀ ಬಸ್ಸು ನಕ್ಕಿತು. ಆ ದಿನ ನಾನು ಬಸ್ಸಿನಲ್ಲಿದ್ದೆ ಎಂದು ಪ್ರಮಾಣ ಮಾಡಲಾರೆ. ನಗು ಮಾತ್ರ ಇನ್ನೂ ಕಿವಿಯಲ್ಲಿದೆ.

ಉಪಾಯದಲ್ಲಿ ಒಂದು ದೋಷವಿರುವುದು ಗೊತ್ತಾದದ್ದು ನಂತರ. ಹೋದ ಬಸ್ಸು ತಿರುಗಿ ಬರಲೇಬೇಕಲ್ಲ! ಒಂದು ಸಂಜೆ, ಭಟ್ಕಳದಿಂದ ಬಂದು ಕಾಲು ತೊಳೆದ ಅತ್ತಿಗೆಯನ್ನು ಕೂರಿಸಿ ಉತ್ತರ ಬರೆಸಿದೆ. ಅಮೆರಿಕದವರು ಮೊದಲು ಚಂದ್ರನಿಗೆ ಹೋಗಿ ಬಂದರು. ಆಮೇಲೆ ಬಡವರಾದರು. ಗುಲಾಮರನ್ನು ಬಿಡುಗಡೆ ಮಾಡಿ, ನಂತರ ಯುದ್ಧ ಹೂಡಿದರು. ಕೊನೆಗೆ ಎಲ್ಲ ಸಾಕಾಗಿ ಚಹಾ ಎಸೆದು ಸುಮ್ಮನಾದರು. ನಾನು ತಲೆಯ ಮೇಲೆ ಕೈಹೊತ್ತು ಕುಳಿತೆ. "ಆತು ಬಿಡು, ಬರೂವಾಗ ಪುಸ್ತಕ ಮುಟ್ಟೂದಿಲ್ಲ" ಎಂದರು. ಅಂದಿನಿಂದ ದಕ್ಷಿಣಕ್ಕೆ ಹೋಗುವಾಗ ಮಾತ್ರ ಇತಿಹಾಸ.

ಪರೀಕ್ಷೆ ನಡೆದದ್ದು ಕುಮಟೆಯಲ್ಲಿ, ಒಂದು ಭಾನುವಾರ. ನನ್ನ ದಿನಚರಿಯಲ್ಲಿ ಬೆಲ್ಲ ಮುಗಿದ ದಿನ. ಗೇಟಿನ ಹೊರಗೆ ಕಾಯುತ್ತ ನಾನು ಬೆವರಿದಷ್ಟು ನನ್ನ ಸ್ವಂತ ಪರೀಕ್ಷೆಗೂ ಬೆವರಿರಲಿಲ್ಲ. ಅತ್ತಿಗೆ ಹೊರಬಂದು, "ಅದೇ ಬಂದಿತ್ತೆ! ಅಮೆರಿಕದ ಇತಿಹಾಸದ ಪ್ರಮುಖ ತಿರುವುಗಳು" ಎಂದರು.

"ಗುಲಾಮಗಿರಿ ಬರೆದ್ರಾ?"

"ಬರೀದೆ? ಸೇತುವೆ ದಾಟದೆ ಆಚೆ ಹೋಗೂದು ಹೆಂಗೆ?"

"ಆರ್ಥಿಕ ಕುಸಿತ?"

ಅತ್ತಿಗೆ ನೀರಿನ ಬಾಟಲಿ ತೆರೆದು ನಿಧಾನವಾಗಿ ಕುಡಿದರು. "ಮಂಕಿಗೆ ಬರೂವಾಗ್ಲೇ ಹತ್ತು ನಿಮಿಷ ಉಳ್ದಿತ್ತು. ಲೇಟಾದ್ರೆ ಎಂತ ಮಾಡೂದು? ಎಕ್ಸ್‌ಪ್ರೆಸ್ ಮಾಡ್ದೆ. ಶಿರಾಲಿಯಲ್ಲಿ ನಿಲ್ಸಲಿಲ್ಲ. ಸೀದಾ ಚಂದ್ರ."

ಲಕ್ಷಾಂತರ ಜನ ಕೆಲಸ ಕಳೆದುಕೊಂಡ ಆ ಕಾಲವನ್ನು ಹೀಗೆ ಸೀಟಿ ಊದಿ ದಾಟಿಸಿಬಿಟ್ಟಿದ್ದರು. ಮನೆಗೆ ಹೋಗಿ ಮೊಳೆಯನ್ನು ನೋಡುವ ಧೈರ್ಯವಾಗಲಿಲ್ಲ.

ಫಲಿತಾಂಶ ಬಂದಾಗ ಅತ್ತಿಗೆಗೆ ನೂರಕ್ಕೆ ಅರವತ್ತೆರಡು ಅಂಕ! ಅಂಗಳದಲ್ಲಿ ನಿಂತು ಸೀಟಿ ಊದಿ ಊದಿ ಕೇರಿಯವರನ್ನೆಲ್ಲ ಕರೆದರು. ಪಾಯಸವಾಯಿತು, ಬೆಲ್ಲ ಅಷ್ಟರಲ್ಲಿ ತಂದಾಗಿತ್ತು. ಈಗ ಮೊಳೆಯ ಮೇಲೆ ಅತ್ತಿಗೆ ಇದ್ದಾರೆ. ಅವರ ಟೊಪ್ಪಿ ತಲೆಗೆ ಸರಿಯಾಗಿ ಕೂತಿದೆ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗುರುವಿಗೆ ಎಷ್ಟು ಬಂದಿತ್ತು ಎಂದು ನೋಡುವ ಚಪಲ ಹತ್ತಿತು. ನಮ್ಮ ಕಪಾಟಿಗೆ ಗೆದ್ದಲು ಹಿಡಿದಾಗಿನಿಂದ ನನ್ನ ಅಂಕಪಟ್ಟಿಗಳಿರುವುದು ಅತ್ತಿಗೆಯ ಕಬ್ಬಿಣದ ಕಪಾಟಿನಲ್ಲಿ. ಒಂದೊಂದಕ್ಕೂ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಇಟ್ಟವರೂ ಅವರೇ. "ನೋಡು, ನೋಡು" ಎಂದು ನಗುತ್ತಲೇ ತೆಗೆದುಕೊಟ್ಟರು. ಹುಡುಕಿದೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಎರಡು ವರ್ಷದ ಎಂ.ಎ.ಯಲ್ಲಿ ಅಮೆರಿಕ ಎಂಬ ದೇಶವೇ ಇರಲಿಲ್ಲ. ನಾನು ಆರಿಸಿಕೊಂಡಿದ್ದ ಪತ್ರಿಕೆ ಚೀನಾ ಮತ್ತು ಜಪಾನಿನ ಇತಿಹಾಸ; ಬಂದ ಅಂಕ ನಲವತ್ತೊಂದು. ಕನ್ನಡಕ ಒರೆಸುತ್ತಿದ್ದ ಆ ಮೇಷ್ಟ್ರು ಅಳುತ್ತಿದ್ದದ್ದು ಯಾವ ದೇಶಕ್ಕಾಗಿಯೋ. ನನ್ನ ಉತ್ತರಪತ್ರಿಕೆ ನೋಡಿಯೂ ಇರಬಹುದು.

ಮರುದಿನ ಬಸ್ಸು ಹಳದೀಪುರದಲ್ಲಿ ನಿಂತಾಗ ಕೇಳಿಯೇಬಿಟ್ಟೆ: "ಅತ್ತಿಗೆ, ನಾನು ಅಮೆರಿಕ ಓದಿಯೇ ಇಲ್ಲ ಅನ್ನೋದು ಅಂಕಪಟ್ಟಿಗೆ ಹೊದಿಕೆ ಹಾಕಿಸೋವಾಗಲೇ ನಿಮಗೆ ಗೊತ್ತಾಗಿತ್ತಲ್ಲ? ಗೊತ್ತಿದ್ದೂ ನನ್ನ ಹತ್ರವೇ ಯಾಕೆ ಕಲಿತ್ರಿ?"

ಅತ್ತಿಗೆ ನನ್ನ ಟಿಕೆಟ್ ಕೈಗಿಟ್ಟು, "ಒಬ್ಳೇ ಓದಿ ಎರಡು ಸಲ ಹೋಗಿತ್ತಲ್ಲೆ, ಜೊತೆಗೆ ಓದೂಕೆ ಒಬ್ರು ಬೇಕಿತ್ತು" ಎಂದು ಎರಡು ಸಲ ಸೀಟಿ ಊದಿ, ಹಿಂದಿನ ಸೀಟುಗಳ ಕಡೆಗೆ ಹೋದರು.