ಕಾಯಿ ಅಲ್ಲಾಡಿಸಿ ರಜಾ ಕೊಡುವ ನಮ್ಮತ್ತೆ

ನಮ್ಮತ್ತೆ ನಿಮ್ಮನ್ನು ಯಾವುದಾದರೂ ಶುಭಕಾರ್ಯಕ್ಕೆ ಕರೆದರೆ ದಯವಿಟ್ಟು ಹೋಗಿಬಿಡಿ. ಹೋಗದಿದ್ದರೆ ಏನು ಮಹಾ ಆಗುತ್ತೆ ಅಂತೀರಾ? ಮಾರನೇ ದಿನ ಬೆಳಿಗ್ಗೆ ಏಳಕ್ಕೆಲ್ಲ ನಿಮ್ಮ ಫೋನು ಬಡಕೊಳ್ಳುತ್ತೆ. “ನಿನ್ನೆ ಯಾಕೆ ಬರಲಿಲ್ಲ? ಕಾರಣ?” ಅಂತಾರೆ. ಹುಷಾರಿರಲಿಲ್ಲ ಅಂದಿರೋ, ಕೆಟ್ಟಿರಿ. ಏನು ಕಾಯಿಲೆ, ಯಾವ ಡಾಕ್ಟರು, ಏನು ಮಾತ್ರೆ, ಅಷ್ಟು ಹುಷಾರಿಲ್ಲದವರು ತಿಪಟೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೆಣಸಿನಕಾಯಿ ಬೋಂಡ ತಿಂತಿದ್ದಿರಂತಲ್ಲ, ಅದು ಯಾವ ಡಾಕ್ಟರು ಬರೆದುಕೊಟ್ಟಿದ್ದು? ಎಲ್ಲಕ್ಕೂ ಉತ್ತರ ಕೊಡಬೇಕು!

ನನ್ನ ಮದುವೆಯಲ್ಲೂ ಇದೇ ಕತೆ. ತಾಳಿ ಕಟ್ಟುವ ಹೊತ್ತಿನಲ್ಲಿ ಎಲ್ಲರೂ ಅಕ್ಷತೆ ಹಿಡಿದು ಮಂಟಪ ನೋಡುತ್ತಿದ್ದರೆ, ನನ್ನ ಸ್ವಂತ ಸೋದರತ್ತೆ ಮಂಟಪಕ್ಕೆ ಬೆನ್ನು ಹಾಕಿ, ಕುರ್ಚಿಗಳ ಕಡೆ ತಿರುಗಿ, ಬೆರಳು ಮಡಚಿ ಮಡಚಿ ತಲೆ ಎಣಿಸುತ್ತಿದ್ದರು. “ಮಾಯಸಂದ್ರದೋರು ಒಬ್ಬರೂ ಇಲ್ಲ ಕಣೇ!” ಅಂತ ನನ್ನ ಕಿವಿಯಲ್ಲಿ ಊದಿದ್ದು ಗಟ್ಟಿಮೇಳದ ನಡುವೆ. ಮದುವೆ ವಿಡಿಯೋ ಹಾಕಿದರೆ ಇವತ್ತಿಗೂ ತಾಳಿ ಕಾಣಲ್ಲ, ಅತ್ತೆಯ ಬೆನ್ನು ಕಾಣುತ್ತೆ.

ಇವರು ಮಾಡೋ ಕೆಲಸ ಏನು ಅಂತ ನೀವು ಈಗಾಗಲೇ ಊಹಿಸಿರಬೇಕು. ಹೌದು, ಮೇಡಂ. ತುರುವೇಕೆರೆಯಿಂದ ಮಾಯಸಂದ್ರಕ್ಕೆ ಹೋಗೋ ದಾರಿಯಲ್ಲಿ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಗೆ ಹೆಡ್ ಮೇಡಂ. ಊರಿನ ಹೆಸರು ಹೇಳಲ್ಲ. ಹೇಳಿದರೆ ನನ್ನಿಂದಲೂ ಲಿಖಿತ ವಿವರಣೆ ಕೇಳುತ್ತಾರೆ. ಒಂದರಿಂದ ಏಳರವರೆಗೆ ಸೇರಿಸಿ ನಲವತ್ತು ಮಕ್ಕಳು, ಅತ್ತೆಯೂ ಸೇರಿ ಇಬ್ಬರು ಟೀಚರು, ನಾಲ್ಕು ಕೋಣೆ. ಅದರಲ್ಲಿ ಒಂದು ಕೋಣೆ ಅಕ್ಕಿ ಬೇಳೆಗೆ.

ಅತ್ತೆಗೆ ಬೇರೆ ಯಾವ ಚಟವೂ ಇಲ್ಲ. ಸೀರೆ ಬೇಡ, ಒಡವೆ ಬೇಡ, ಧಾರಾವಾಹಿ ಬೇಡ. ಹಾಜರಿ ಪುಸ್ತಕ ಒಂದಿದ್ದರೆ ಸಾಕು. ಈಗೆಲ್ಲ ಮೊಬೈಲಿನಲ್ಲೇ ಹಾಜರಿ ಹಾಕಬೇಕು ಅಂತ ಬಂದಿದೆಯಲ್ಲ, ಅದನ್ನೂ ಹಾಕುತ್ತಾರೆ. ಆದರೆ ನೆಟ್‌ವರ್ಕು ಸಿಗೋದು ಊರಾಚೆ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ದಿನಾ ಪ್ರಾರ್ಥನೆ ಮುಗಿದ ಮೇಲೆ ಅಲ್ಲಿಗೆ ಹೋಗಿ ಫೋನು ಎತ್ತಿ ಹಿಡಿದು ನಿಲ್ಲುತ್ತಾರೆ. ಹೊಸದಾಗಿ ನೋಡಿದವರು ಮೇಡಮ್ಮೋರು ಯಾವುದೋ ಹರಕೆ ಹೊತ್ತಿದ್ದಾರೆ ಅಂದುಕೊಂಡಿದ್ದಾರೆ.

ಮನೆಯಲ್ಲಿ ಮಾವನ ಪಾಡು ಕೇಳಬೇಡಿ. ಅರವತ್ತೆರಡು ವರ್ಷದ ಮನುಷ್ಯ, ತೆಂಗಿನ ತೋಟ ನೋಡಿಕೊಂಡು ತಮ್ಮ ಪಾಡಿಗೆ ಇರುವವರು. ಒಂದು ಸಲ ತಿಪಟೂರಿನ ಮಾರ್ಕೆಟ್ಟಿಗೆ ಹೋದವರು ಅಲ್ಲೇ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ಹೊಡೆದು ಬಂದರು. ಮನೆಯಲ್ಲಿ ಮುದ್ದೆ ಬಸ್ಸಾರು ಕಾಯುತ್ತಿತ್ತು. ಅತ್ತೆಯ ಮುಖ ನೋಡಿ ಹೆದರಿ, ತಮಾಷೆಗೆ ಅಂತ ಒಂದು ಚೀಟಿ ಬರೆದುಕೊಟ್ಟರು: “ಮಾನ್ಯರೇ, ಹೊಟ್ಟೆ ತುಂಬಿರುವ ಕಾರಣ ಇಂದಿನ ಊಟಕ್ಕೆ ಹಾಜರಾಗಲು ಸಾಧ್ಯವಿಲ್ಲ. ದಯವಿಟ್ಟು ಮನ್ನಿಸಬೇಕು. ಇಂತಿ ತಮ್ಮ ವಿಧೇಯ.” ಅತ್ತೆ ಗಂಭೀರವಾಗಿ ಓದಿ ವಾಪಸ್ಸು ಕೊಟ್ಟರು. “ತಗೊಳ್ಳಲ್ಲ. ಪೋಷಕರ ಸಹಿ ಇಲ್ಲ.”

ನನ್ನದೊಂದು ಪುಟ್ಟ ಜೆರಾಕ್ಸ್ ಅಂಗಡಿ ತುರುವೇಕೆರೆಯಲ್ಲಿದೆ. ಒಂದು ಸ್ಕೂಟಿಯೂ ಇದೆ. ಇವೆರಡೂ ಇರೋದು ನನ್ನ ಹೊಟ್ಟೆಪಾಡಿಗೆ ಅಂತ ನಾನು ತಿಳಿದಿದ್ದೆ. ಅಲ್ಲವಂತೆ! ಶಾಲೆಗೆ ಬಾರದ ಮಕ್ಕಳ ಮನೆಗೆ ಅತ್ತೆಯನ್ನು ಹೊತ್ತೊಯ್ಯೋದಕ್ಕಂತೆ. “ಲೇ, ಬಾ ಬೇಗ, ಇವತ್ತು ಮೂರು ಆಬ್ಸೆಂಟು” ಅಂತ ಫೋನು ಬಂದರೆ ಅಂಗಡಿಗೆ ಅರ್ಧ ಶಟರ್ ಎಳೆದು ಓಡಬೇಕು. ಗಿರಾಕಿ ಇದ್ದಾರೆ ಅತ್ತೆ ಅಂದರೆ, “ಅವರಿಗೆ ನಾಳೆ ಬರಕ್ಕೆ ಹೇಳು, ನಾಳೆ ಬಾರದಿದ್ರೆ ನನಗೆ ಹೇಳು” ಅಂತಾರೆ.

ಅವರ ಶಾಲೆಯಲ್ಲಿ ರಜಾ ಚೀಟಿ ಬರೆಯೋದಕ್ಕೂ ರೂಲ್ಸಿದೆ. ಮಗುವೇ ಬರೆಯಬೇಕು, ನಿಜವಾದ ಕಾರಣ ಬರೆಯಬೇಕು. ಸೋಮವಾರದ ಹೊಟ್ಟೆನೋವು ನಡೆಯಲ್ಲ. ಒಂದು ಸಲ ಐದನೇ ಕ್ಲಾಸಿನವನೊಬ್ಬ ಬರೆದು ಕಳಿಸಿದ್ದ: “ನಮ್ಮ ಹಸು ಕರು ಹಾಕುತ್ತೆ. ಹಾಕಿದ ಮೇಲೆ ಬತ್ತೀನಿ.” ಪಾಪ, ನ್ಯಾಯವಾದ ಕಾರಣ ಅಂತ ಅತ್ತೆ ಒಪ್ಪಿಕೊಂಡರು. ಮಾರನೇ ದಿನ ಇನ್ನೊಂದು ಚೀಟಿ. “ಇನ್ನೂ ಹಾಕಿಲ್ಲ.” ಮೂರನೇ ದಿನ ಮತ್ತೆ ಅದೇ. ಹಸುವಿಗೆ ಏನೋ ತೊಂದರೆ ಇರಬೇಕು, ಡಾಕ್ಟರನ್ನ ಕರೆಸೋಣ ಅಂತ ಅತ್ತೆ ನನ್ನ ಸ್ಕೂಟಿ ಹತ್ತಿದರು. ಹೋಗಿ ಕೊಟ್ಟಿಗೆಗೆ ಬಗ್ಗಿ ನೋಡಿ, ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಎತ್ತು ಕಣೇ ಇದು!”

ಆದರೆ ಅತ್ತೆ ಹೆಸರು ಮಾಡಿದ್ದು ಕೊಬ್ಬರಿ ವಿಷಯದಲ್ಲಿ. ನಮ್ಮ ಕಡೆ ಕಾಯಿಯನ್ನ ಸಿಪ್ಪೆ ಸಮೇತ ಅಟ್ಟದ ಮೇಲೆ ತುಂಬಿ ತಿಂಗಳುಗಟ್ಟಲೆ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ಉಂಡೆ ಕೊಬ್ಬರಿಯಾಗಿ ಚಿಪ್ಪು ಬಿಟ್ಟಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು ತೆಗೆಯಬೇಕು. ಆ ದಿನ ಮನೆಮಂದಿಯೆಲ್ಲ ಕೂತರೂ ಕೈ ಸಾಲದು. ಹಾಗಾಗಿ ಮಕ್ಕಳು ಶಾಲೆಗೆ ಚಕ್ಕರ್. ಊರಲ್ಲಿ ಯಾರಿಗೆ ಯಾವ ಕಾರಣಕ್ಕೆ ರಜಾ ಬೇಕಾದರೂ “ಕೊಬ್ಬರಿ ಒಡೀತಾ ಇದೀವಿ” ಅಂದುಬಿಡೋರು. ಯಾರು ಬಂದು ನೋಡುತ್ತಾರೆ?

ಅತ್ತೆ ಬಂದು ನೋಡುತ್ತಾರೆ! ಅಕ್ಕ ತಂಗಿ ಇಬ್ಬರು ಹುಡುಗಿಯರು ಬಾರದ ದಿನ ನಾವು ಅವರ ಮನೆಗೆ ಹೋದೆವು. ಅವರಪ್ಪ ಅಂಗಳದಲ್ಲಿ ನಿಂತಿದ್ದ. ಸುಲಿದ ಸಿಪ್ಪೆ ಒಂದೂ ಇಲ್ಲ.

“ಕೊಬ್ಬರಿ ಎಲ್ಲಪ್ಪ?”

“ಇನ್ನೇನು ಇಳಿಸ್ಬೇಕು ಮೇಡಮ್ಮೋರೆ. ಅಟ್ಟದ ಮ್ಯಾಲೈತೆ.”

“ಒಂದು ಕಾಯಿ ಇಳಿಸು.”

ಇಳಿಸಿದ. ಅತ್ತೆ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಿವಿಯ ಪಕ್ಕ ತಂದು, ಕಣ್ಣು ಮುಚ್ಚಿ ಅಲ್ಲಾಡಿಸಿದರು. ಗುಳುಕ್ ಗುಳುಕ್. ಕೊಬ್ಬರಿ ಆಗಿದ್ದರೆ ಉಂಡೆ ಚಿಪ್ಪಿಗೆ ಬಡಿದು ಗಟಗಟ ಅನ್ನಬೇಕು. ನೀರಿನ್ನೂ ಇದೆ ಅಂದರೆ ಒಡೆಯೋ ಮಾತೇ ಇಲ್ಲ.

“ಅದೊಂದು ಹಂಗೈತೆ ಬುಡಿ. ಬ್ಯಾರೇವೆಲ್ಲ ಆಗವೆ.”

“ಇನ್ನೊಂದು ಕೊಡು.”

ಗುಳುಕ್. ಇನ್ನೊಂದು. ಗುಳುಕ್. ಹೀಗೇ ಹತ್ತು ಕಾಯಿ ಅಲ್ಲಾಡಿಸಿದರು. ಆ ಮನುಷ್ಯನಿಗೆ ಬೆವರು ಬಂತು. ಆಗ ನೋಡಿ, ಅಟ್ಟದ ಮೇಲಿಂದ ಒಂದು ಪುಟ್ಟ ಕೈ, ಕೈಯಲ್ಲೊಂದು ಕಾಯಿ, ಮೆಲ್ಲಗೆ ಕೆಳಗೆ ಬಂತು. “ಮಿಸ್, ಇದನ್ನ ನೋಡಿ ಮಿಸ್. ಇದ್ರಲ್ಲಿ ನೀರಿಲ್ಲ!”

ಅತ್ತೆ ಆ ಕಾಯಿಯನ್ನೂ ಇಸಕೊಂಡು ಅಲ್ಲಾಡಿಸಿ, “ಹೌದು, ಇದೊಂದು ಆಗಿದೆ. ಇಬ್ಬರೂ ಇಳೀರಿ ಕೆಳಗೆ” ಅಂದರು. ವಾಪಸ್ಸು ಬರುವಾಗ ನಾನು ನಕ್ಕು ನಕ್ಕು ಸ್ಕೂಟಿಯನ್ನ ಬೇಲಿಗೆ ನುಗ್ಗಿಸುವುದೊಂದು ಬಾಕಿ.

ಅವತ್ತಿನಿಂದ ಊರಲ್ಲಿ ಅತ್ತೆಗೆ ಎಲ್ಲಿಲ್ಲದ ಬೇಡಿಕೆ. “ಮೇಡಮ್ಮೋರೆ, ಒಂದ್ಚೂರು ನಮ್ಮ ಕಾಯಿ ಕೇಳ್ಬುಟ್ಟು ಹೋಗಿ” ಅಂತ ದಾರಿಯಲ್ಲಿ ಅಡ್ಡ ಹಾಕುತ್ತಾರೆ. ಇವರೇನು ಬಿಟ್ಟಿ ಕೇಳುತ್ತಾರಾ? “ಕೇಳ್ತೀನಿ, ಆದ್ರೆ ಒಡೆಯೋದು ಭಾನುವಾರ” ಅಂತ ಕರಾರು. ಈಗ ಶಾಲೆಯ ಗೋಡೆ ಮೇಲೆ, ಬಿಸಿಯೂಟದ ಪಟ್ಟಿಯ ಪಕ್ಕದಲ್ಲೇ, ಯಾವ ಮನೆಯವರು ಯಾವ ಭಾನುವಾರ ಕೊಬ್ಬರಿ ಒಡೆಯಬೇಕು ಅಂತ ಇನ್ನೊಂದು ಪಟ್ಟಿ ಅಂಟಿದೆ. ಜೆರಾಕ್ಸ್ ನನ್ನದೇ. ಕಾಸು? ಅದನ್ನ ಮಾತ್ರ ಕೇಳಬೇಡಿ.

ಹೀಗೆ ಎಲ್ಲ ಚೆನ್ನಾಗಿ ನಡೀತಿರಬೇಕಾದರೆ ಹೋದ ವರ್ಷ ಏಳನೇ ಕ್ಲಾಸಿನ ಭೂಮಿಕ ಶಾಲೆಗೆ ಬರೋದು ನಿಲ್ಲಿಸಿದಳು. ಚೂಟಿ ಹುಡುಗಿ, ಒಂದು ದಿನವೂ ತಪ್ಪಿಸಿದವಳಲ್ಲ. ಒಂದು ದಿನ ಆಯ್ತು, ಎರಡಾಯ್ತು. ಚೀಟಿ ಇಲ್ಲ, ಫೋನಿಲ್ಲ. ಮೂರನೇ ದಿನ ನಾವು ಹೋದಾಗ ಗೊತ್ತಾಯಿತು, ಅವಳ ಅಜ್ಜಿ ಪುಟ್ಟನಂಜಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದಾಳೆ. ಅಮ್ಮ ಬೆಳಿಗ್ಗೆಯೇ ತಿಪಟೂರಿನ ಕಾಯಿಪುಡಿ ಫ್ಯಾಕ್ಟರಿಗೆ ಹೋಗುತ್ತಾಳೆ. ಅಪ್ಪ ಊರೂರು ತಿರುಗಿ ಕಾಯಿ ಸುಲಿಯುತ್ತಾನೆ. ಅಜ್ಜಿಗೆ ನೀರು ಕೊಡೋಕೆ, ಮಗ್ಗುಲು ತಿರುಗಿಸೋಕೆ ಭೂಮಿಕ ಬಿಟ್ಟರೆ ಇನ್ಯಾರು?

ಅವರಪ್ಪ ಒರಟನಲ್ಲ. ಕೈಮುಗಿದು ನಿಂತು ಹೇಳಿದ. “ಏಳನೇ ಕ್ಲಾಸ್ಗಂಟ ಓದವ್ಳೆ. ಸಾಕು ಬುಡಿ ಮೇಡಮ್ಮೋರೆ. ನಮ್ಮವ್ವನ್ನ ಹಂಗೇ ಬುಟ್ಟು ಹೋಗಕ್ಕಾಯ್ತದಾ?”

ಅದಕ್ಕೆ ಏನು ಹೇಳುತ್ತೀರಿ? ಭೂಮಿಕ ಬಾಗಿಲ ಸಂದಿಯಲ್ಲಿ ನಿಂತು ನೆಲ ನೋಡುತ್ತಿದ್ದಳು. ಏಳು ದಿನ ಹೇಳದೆ ಕೇಳದೆ ಬಾರದಿದ್ದರೆ ಶಾಲೆ ಬಿಟ್ಟ ಮಕ್ಕಳ ಪಟ್ಟಿಗೆ ಹೆಸರು ಹಾಕಿ ಮೇಲಕ್ಕೆ ಬರೆಯಬೇಕು. ರಜಾ ಚೀಟಿ ಬರೆದುಕೊಡು ಅಂದರೆ ಆ ಹುಡುಗಿ, “ಎಷ್ಟು ದಿನ ಅಂತ ಬರೀಲಿ ಮಿಸ್?” ಅಂತ ಕೇಳಿಬಿಟ್ಟಳು.

ಆರನೇ ದಿನ ಸ್ಕೂಟಿಯಲ್ಲಿ ಬರುವಾಗ ನಾನೇ ಬಾಯಿಬಿಟ್ಟೆ. “ಅತ್ತೆ, ಸುಮ್ನೆ ಹಾಜರಿ ಹಾಕ್ಬುಡಿ. ಯಾರು ಬಂದು ನೋಡ್ತಾರೆ?”

ಅತ್ತೆ ತುರುವೇಕೆರೆಯಲ್ಲಿ ಇಳಿದ ಮೇಲೆ, “ಬಾರದೆ ಇರೋ ಮಗೂನ ಬಂದಿದೆ ಅಂತ ಬರೆದ್ರೆ, ಅದು ಬಂದಿಲ್ಲ ಅನ್ನೋದೇ ಎಲ್ರಿಗೂ ಮರ್ತುಹೋಗುತ್ತೆ ಕಣೇ” ಅಂದು ಹೊರಟುಹೋದರು. ಯಾವತ್ತೂ ಇಲ್ಲದ ಸಪ್ಪೆ ಮುಖ.

ಏಳನೇ ದಿನ ಬೆಳಿಗ್ಗೆ ಫೋನು. “ಲೇ, ಸ್ಕೂಟಿ ತಗೊಂಡು ಬಾ. ಬೋರ್ಡು ಸಾಗಿಸ್ಬೇಕು.”

ಹೋಗಿ ನೋಡುತ್ತೇನೆ, ಆರು ಏಳನೇ ಕ್ಲಾಸಿನ ಒಂಬತ್ತು ಮಕ್ಕಳು ಬ್ಯಾಗು ನೇತುಹಾಕಿಕೊಂಡು ಸಾಲಾಗಿ ನಿಂತಿದ್ದಾರೆ. ಹಿಂದೆ ಇಬ್ಬರು ಜಮಖಾನ ಹೊತ್ತಿದ್ದಾರೆ. ಮುಂದೆ ನಮ್ಮತ್ತೆ, ಕಂಕುಳಲ್ಲಿ ಹಾಜರಿ ಪುಸ್ತಕ. ಉಳಿದ ಮಕ್ಕಳನ್ನ ಇನ್ನೊಬ್ಬ ಟೀಚರಿಗೆ ಒಪ್ಪಿಸಿ, ಮೇಲಿನವರಿಗೆ ಫೋನು ಮಾಡಿ ಒಪ್ಪಿಗೆ ಕೇಳಿದ್ದರಂತೆ. ಅವರು ಏನಂದರು ಅಂತ ಕೇಳಿದರೆ, “ನೆಟ್‌ವರ್ಕ್ ಸರಿ ಇರ್ಲಿಲ್ಲ, ಹೂಂ ಅಂದಂಗಾಯ್ತು” ಅಂದರು. ಹೀಗೆ ಊರಿನ ನಡುಬೀದಿಯಲ್ಲಿ ಆರು ಏಳನೇ ಕ್ಲಾಸು ಮೆರವಣಿಗೆ ಹೊರಟು ಪುಟ್ಟನಂಜಮ್ಮನ ಮನೆ ಜಗಲಿ ಮೇಲೆ ಕೂತಿತು. ಕೋಳಿಗಳು ಗಾಬರಿಯಾಗಿ ಅಟ್ಟ ಹತ್ತಿದವು. ಹಾಜರಿ ಕೂಗಿದರು. “ಭೂಮಿಕ” ಅಂದಾಗ ಆ ಹುಡುಗಿ ಒಳಗಿನಿಂದ ನೀರಿನ ಚೊಂಬು ಹಿಡಿದುಕೊಂಡೇ ಓಡಿಬಂದು, “ಬಂದಿದ್ದೀನಿ ಮಿಸ್!” ಅಂದಳು. ಅತ್ತೆ ಹಾಜರಿ ಹಾಕಿದರು. ಅದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ.

ಐದು ದಿನ ಜಗಲಿ ಶಾಲೆ ನಡೆಯಿತು. ಅಜ್ಜಿ ಒಳಗಿಂದಲೇ ಪಾಠಕ್ಕೆ ಬಾಯಿ ಹಾಕೋದು. ತೆಂಗಿನ ಬಗ್ಗೆ ಪಾಠ ಬಂದ ದಿನವಂತೂ, “ಅದ್ಯಾವನವ್ವ ಆ ಪುಸ್ತ್ಕ ಬರ್ದೋನು, ತೋಟ ನೋಡವ್ನಾ?” ಅಂತ ಗದರಿಸಿತು. ಬೀದಿಯ ಹೆಂಗಸರು ಮೊದಲು ನೋಡಿ ನಕ್ಕರು. ಆಮೇಲೆ ಮುಖ ಮುಖ ನೋಡಿಕೊಂಡರು. ಹತ್ತಾರು ಮನೆ ಇರೋ ಬೀದಿಯಲ್ಲಿ ಒಂದು ಮುದುಕಿಯನ್ನು ನೋಡಿಕೊಳ್ಳೋಕೆ ಒಂದು ಶಾಲೆಯೇ ಎದ್ದು ಬರಬೇಕಾ ಅಂತ ನಾಚಿಕೆಯಾಗಿರಬೇಕು. ಒಬ್ಬಳು ಬಂದು, “ನಾನು ಮಂಗ್ಳವಾರ ಇಲ್ಲೇ ಕೂತು ಗರಿ ಸೀಳ್ಕತೀನಿ ಬುಡಿ, ಪೊರಕೆ ಎಲ್ಲಿ ಕೂತು ಕಟ್ಟಿದ್ರೇನು” ಅಂದಳು. ಇನ್ನೊಬ್ಬಳು ಬುಧವಾರ. ಅತ್ತೆ ಬಿಡುತ್ತಾರಾ? ಅಲ್ಲೇ ಪಟ್ಟಿ ಮಾಡಿ, ಎಲ್ಲರ ಕೈಲೂ ಸಹಿ ಹಾಕಿಸಿ, “ಬಾರದಿದ್ರೆ ಹಿಂದಿನ ದಿನವೇ ಚೀಟಿ ಕೊಡ್ಬೇಕು” ಅಂದರು.

ಆದರೂ ಅಪ್ಪನಿಗೆ ಮನಸ್ಸಿಲ್ಲ. “ಹೊರಗಿನೋರು ಎಷ್ಟು ದಿನ ಬಂದಾರು?” ಅಂತ ಕಂಬಕ್ಕೆ ಒರಗಿ ನಿಂತಿದ್ದ. ಆಗ ಒಳಗಿಂದ ಅಜ್ಜಿಯ ದನಿ ಬಂತು.

“ಕಳ್ಸಲಾ ಮಗೀನ. ನನ್ನ ನಮ್ಮಪ್ಪ ಇಸ್ಕೂಲ್ಗೆ ಎರಡೇ ದಿನ ಕಳ್ಸಿದ್ದು, ಹೆಸ್ರೂ ಬರ್ಸಿರ್ನಿಲ್ಲ. ತಮ್ಮ ಹುಟ್ದ. ಎತ್ಕಳಕ್ಕೆ ಯಾರಿಲ್ಲ ಅಂತ ಬುಡುಸ್ಬುಟ್ಟ. ಈಗ ನಾನೇ ಇವ್ಳ ಬುಡುಸ್ಲಾ?”

ಅವನು ಟವಲಿನಿಂದ ಮುಖ ಒರೆಸಿಕೊಂಡು, “ನಾಳೆಯಿಂದ ಬತ್ತಾಳೆ ಮೇಡಮ್ಮೋರೆ” ಅಂದ. ಭೂಮಿಕ ಚೊಂಬು ಕೆಳಗಿಟ್ಟು ಒಳಗೆ ಓಡಿದಳು. ಅತ್ತೆ ಪುಸ್ತಕ ಮುಚ್ಚಿ ಎದ್ದರು. ಮಕ್ಕಳು ಜಮಖಾನ ಮಡಚತೊಡಗಿದರು.

“ಅವ್ವಾ ಮೇಡಮ್ಮೋರೆ” ಅಂತು ಅಜ್ಜಿ ಒಳಗಿಂದ. “ಐದು ದಿನದಿಂದ ಎಲ್ರುನೂ ಕೂಗಿದ್ರಿ. ನನ್ನೊಂದ್ಸಲ ಕೂಗಿ. ಇಸ್ಕೂಲಾಗೆ ನನ್ನ ಹೆಸ್ರು ಯಾರೂ ಕೂಗೇ ಇಲ್ಲ.”

ಮಕ್ಕಳೆಲ್ಲ ಅತ್ತೆಯ ಮುಖ ನೋಡಿದರು. ದಾಖಲಾಗದ ಹೆಸರನ್ನು ಇವರು ಜನ್ಮದಲ್ಲಿ ಕೂಗಿದವರಲ್ಲ. ಅತ್ತೆ ಪುನಃ ಕೂತರು. ಪುಸ್ತಕ ತೆರೆದರು. ಇಲ್ಲದ ಹೆಸರನ್ನು ಇರುವ ಹಾಗೆ ಬೆರಳಿಟ್ಟು ಹುಡುಕಿದರು.

“ಪುಟ್ಟನಂಜಮ್ಮ.”

ಒಳಗಿಂದ ಎಳೆ ಮಗುವಿನ ಹಾಗೆ ನಾಚಿಕೊಂಡ ಒಂದು ದನಿ. “ಬಂದಿವ್ನಿ ಮಿಸ್ಸು.”

ನಾನು ಗೋಡೆ ಕಡೆ ತಿರುಗಿ ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, “ಸರಿಯಾಗಿ ಕೇಳಿಸ್ಲಿಲ್ಲ ಕಣಮ್ಮ, ಇನ್ನೊಂದ್ಸಲ ಹೇಳು” ಅಂದರು. ಅಜ್ಜಿ ಈ ಸಲ ಇಡೀ ಬೀದಿಗೆ ಕೇಳೋ ಹಾಗೆ ಕೂಗಿ ಹೇಳಿತು.